ಐ9-14900ಎಚ್‌ಎಕ್ಸ್, ರೈಜೆನ್ 9 7945ಎಚ್‌ಎಕ್ಸ್: ಯಾವ ಕೆಲಸಕ್ಕೆ ಯಾವುದು?

ಇಂಟೆಲ್ ಕೋರ್ ಐ9-14900ಎಚ್‌ಎಕ್ಸ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ನ ಜಾಹೀರಾತಿನಲ್ಲಿ ಮೊದಲು ಕಣ್ಣಿಗೆ ಬೀಳುವುದು 5.8 ಗಿಗಾಹರ್ಟ್ಸ್. ಎಎಂಡಿ ರೈಜೆನ್ 9 7945ಎಚ್‌ಎಕ್ಸ್‌ನದ್ದು 5.4. ಇಷ್ಟು ನೋಡಿ ತೀರ್ಮಾನಿಸುವವರೇ ಹೆಚ್ಚು. ಆದರೆ ಆ ವೇಗ ಸಿಗುವುದು ಒಂದೆರಡು ಕೋರ್‌ಗಳಿಗೆ (ಚಿಪ್‌ನೊಳಗಿನ ಲೆಕ್ಕದ ಘಟಕಗಳಿಗೆ), ಅದೂ ಚಿಪ್ ತಣ್ಣಗಿರುವಷ್ಟು ಹೊತ್ತು. ಅರ್ಧ ಗಂಟೆ ರೆಂಡರ್ (3ಡಿ ದೃಶ್ಯವನ್ನು ಚಿತ್ರವಾಗಿಸುವ ಕೆಲಸ) ಓಡಿಸಿದ ಮೇಲೆ ಎಷ್ಟು ವ್ಯಾಟ್‌ಗೆ ಎಷ್ಟು ಕೆಲಸ ಹೊರಬರುತ್ತದೆ ಎಂಬುದನ್ನು ನೋಡಿದರೆ ಲೆಕ್ಕವೇ ಬದಲಾಗುತ್ತದೆ.

14900ಎಚ್‌ಎಕ್ಸ್ ಬಂದದ್ದು 2024ರ ಜನವರಿಯಲ್ಲಿ. ವೇಗಕ್ಕೆ 8 ದೊಡ್ಡ ಪಿ-ಕೋರ್, ಹಿನ್ನೆಲೆ ಕೆಲಸಕ್ಕೆ 16 ಚಿಕ್ಕ ಇ-ಕೋರ್, ಒಟ್ಟು 32 ಥ್ರೆಡ್ (ಏಕಕಾಲಕ್ಕೆ ನಡೆಯಬಲ್ಲ ಕೆಲಸದ ಎಳೆಗಳು), 36 ಎಂಬಿ ಎಲ್3 ಕ್ಯಾಶ್ (ಚಿಪ್‌ನೊಳಗಿನ ವೇಗದ ಮೆಮೊರಿ). ಮೂಲ ಪವರ್ 55 ವ್ಯಾಟ್, ಟರ್ಬೊದಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, 157 ವ್ಯಾಟ್‌ವರೆಗೆ. 7945ಎಚ್‌ಎಕ್ಸ್ ಅದಕ್ಕಿಂತ ಒಂದು ವರ್ಷ ಹಿರಿಯ. ಅದರ 16 ಕೋರ್‌ಗಳೂ ಒಂದೇ ಜಾತಿಯವು, ಎಎಂಡಿಯ ಜೆನ್ 4 ವಿನ್ಯಾಸದವು. ಥ್ರೆಡ್ ಇಲ್ಲೂ 32, ಎಲ್3 ಕ್ಯಾಶ್ 64 ಎಂಬಿ. ಎಎಂಡಿ ಹೇಳುವ ಪವರ್ ಮಿತಿ 55ರಿಂದ 75 ವ್ಯಾಟ್. ಲ್ಯಾಪ್‌ಟಾಪ್ ಕಂಪನಿಗಳು ಟರ್ಬೊ ಮೋಡ್‌ನಲ್ಲಿ ಅದನ್ನು 100ರಾಚೆಗೂ ತಳ್ಳುತ್ತವೆ. ಇದರ ಕೋರ್‌ಗಳು ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯ 5 ನ್ಯಾನೊಮೀಟರ್ ಪ್ರಕ್ರಿಯೆಯವು, ಇಂಟೆಲ್‌ನದ್ದು 'ಇಂಟೆಲ್ 7' ಎಂಬ ಹಳೆಯ ಪ್ರಕ್ರಿಯೆ. ಬಿಸಿಯ ವ್ಯತ್ಯಾಸದ ಮೂಲ ಬಹುಪಾಲು ಇಲ್ಲೇ ಇದೆ.

ಎರಡನ್ನೂ 75 ವ್ಯಾಟ್‌ಗೆ ಕಟ್ಟಿಹಾಕಿ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಸಿಪಿಯು ರೆಂಡರ್ ಹಚ್ಚಿದರೆ ರೈಜೆನ್ ಸ್ಪಷ್ಟವಾಗಿ ಮುಂದೆ. ಅದರ ಸರಿಸಮ ಬರಲು ಇಂಟೆಲ್‌ಗೆ ನೂರರ ಮೇಲೆ ವ್ಯಾಟ್ ಬೇಕು. ಮೂರು ಫ್ಯಾನಿನ, ದಪ್ಪ ಮೈಯ 18 ಇಂಚಿನ ಯಂತ್ರ ಅಷ್ಟು ಪವರ್ ಕೊಡಬಲ್ಲದು. ತೆಳುವಾದ 16 ಇಂಚಿನದ್ದು ಕೊಡಲಾರದು. ಎರಡೂ ಚಿಪ್‌ಗಳ ತಾಪದ ಮಿತಿ 100 ಡಿಗ್ರಿ ಸೆಲ್ಸಿಯಸ್. ಕೋಣೆಯ ಗಾಳಿ 25 ಡಿಗ್ರಿಯಿಂದ 38ಕ್ಕೆ ಏರಿದರೆ ಚಿಪ್‌ಗೂ ಆ ಮಿತಿಗೂ ನಡುವಿನ ಅಂತರ ಅಷ್ಟೇ ಡಿಗ್ರಿ ಕುಗ್ಗುತ್ತದೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಏಸಿ ಇಲ್ಲದೆ ಕೆಲಸ ಮಾಡುವವರು, ತಂಪು ಕೋಣೆಯಲ್ಲಿ ಪರೀಕ್ಷಿಸಿ ಬರೆದ ಬೆಂಚ್‌ಮಾರ್ಕ್ ಅಂಕಿಗಳನ್ನು ತಮ್ಮ ಮನೆಯಲ್ಲಿ ನಿರೀಕ್ಷಿಸಬಾರದು. ಇಂಥ ಕೆಲಸಕ್ಕೆ ಅವರು ಕಣ್ಣುಮುಚ್ಚಿ ರೈಜೆನ್ ಆರಿಸಬಹುದು.

ಕೋಡ್ ಕಂಪೈಲ್‌ಗೂ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವುದಕ್ಕೂ) ಇದೇ ಮಾತು. ಜೊತೆಗೊಂದು ಎಚ್ಚರಿಕೆ: 32 ಥ್ರೆಡ್‌ಗಳನ್ನೂ ದುಡಿಸುವಾಗ ಸಿ++ನ ಪ್ರತಿ ಕೆಲಸಕ್ಕೂ ಒಂದು-ಎರಡು ಜಿಬಿ ರ‍್ಯಾಮ್ ಹೋಗಬಹುದು. 16 ಜಿಬಿಯಲ್ಲಿ ಯಂತ್ರ ಸ್ವಾಪ್‌ಗೆ (ರ‍್ಯಾಮ್ ಬದಲು ನಿಧಾನದ ಡಿಸ್ಕ್ ಬಳಕೆಗೆ) ಬಿದ್ದು ತೆವಳುತ್ತದೆ, ಬೈಗುಳ ಮಾತ್ರ ಪ್ರೊಸೆಸರ್‌ಗೆ. 32 ಜಿಬಿ ಕನಿಷ್ಠ, ಅದೂ 16ರ ಎರಡು ಕಡ್ಡಿ. ಒಂದೇ ಕಡ್ಡಿ ಹಾಕಿ ಮಾರುವ ಮಾದರಿಗಳಲ್ಲಿ ಮೆಮೊರಿಯ ಒಂದು ಚಾನೆಲ್ ಖಾಲಿ ಬಿದ್ದಿರುತ್ತದೆ. ಗೇಮ್ ಆಡುವಾಗ ಅದು ಸಣ್ಣ ಸಣ್ಣ ತಡೆಗಳಾಗಿ ಕೈಗೆ ಗೊತ್ತಾಗುತ್ತದೆ. ಅಧಿಕೃತ ಮೆಮೊರಿ ವೇಗ ಇಂಟೆಲ್‌ಗೆ ಡಿಡಿಆರ್5-5600, ಎಎಂಡಿಗೆ 5200. ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ವರ್ಚುವಲ್ ಮಷೀನ್ (ಕಂಪ್ಯೂಟರ್‌ನೊಳಗೆ ಓಡಿಸುವ ಇನ್ನೊಂದು ಕಂಪ್ಯೂಟರ್) ಬಳಸುವವರಿಗೆ ಇಂಟೆಲ್‌ನ ಮಿಶ್ರ ಕೋರ್‌ಗಳು ಒಮ್ಮೊಮ್ಮೆ ಕಾಡುತ್ತವೆ. ಅದನ್ನು ಓಡಿಸುವ ವಿಎಂವೇರ್ ಪ್ರೋಗ್ರಾಂನ ವಿಂಡೊವನ್ನು ಕೆಳಗಿಳಿಸಿದ ಕೂಡಲೇ ವಿಂಡೋಸ್ ಅದನ್ನು ಹಿನ್ನೆಲೆ ಕೆಲಸವೆಂದು ಎಣಿಸಿ ಇ-ಕೋರ್‌ಗಳಿಗೆ ದೂಡುತ್ತದೆ, ಒಳಗಿನ ಬಿಲ್ಡ್ ನಿಧಾನವಾಗುತ್ತದೆ. ಪ್ರೋಗ್ರಾಂ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರೈಜೆನ್‌ನಲ್ಲಿ ಈ ಕಾಟವಿಲ್ಲ. ಎವಿಎಕ್ಸ್-512 (ಒಂದೇ ಸೂಚನೆಯಲ್ಲಿ ಹಲವು ಲೆಕ್ಕ ಮಾಡಿಸುವ ಸೌಲಭ್ಯ) ಬೇಕಾದವರಿಗೂ ರೈಜೆನ್ ಒಂದೇ ದಾರಿ, 14900ಎಚ್‌ಎಕ್ಸ್‌ನಲ್ಲಿ ಅದು ಇಲ್ಲ.

ಇಷ್ಟೆಲ್ಲ ಇದ್ದರೂ ಒಂದು ಕಸುಬಿನವರಿಗೆ ಇಂಟೆಲ್ಲೇ ಸರಿ: ವಿಡಿಯೊ ಎಡಿಟ್ ಮಾಡುವವರಿಗೆ. ಸೋನಿ ಎ7 IV ತರಹದ ಕ್ಯಾಮೆರಾಗಳಲ್ಲಿ ಮದುವೆ ಚಿತ್ರೀಕರಿಸುವವರು ಹೆಚ್ಚು ಬಣ್ಣದ ವಿವರ ಉಳಿಸುವ 4:2:2, 10 ಬಿಟ್, ಎಚ್.265 ವಿಡಿಯೊ ರೂಪದಲ್ಲಿ ರೆಕಾರ್ಡ್ ಮಾಡಿದರೆ, ಅದನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುವ ಶಕ್ತಿ ಇಂಟೆಲ್ ಚಿಪ್‌ನೊಳಗಿನ ವಿಡಿಯೊ ಘಟಕವಾದ ಕ್ವಿಕ್ ಸಿಂಕ್‌ಗೆ ಇದೆ. 7945ಎಚ್‌ಎಕ್ಸ್‌ನೊಳಗಿನ ಪುಟ್ಟ ಗ್ರಾಫಿಕ್ಸ್ ರೇಡಿಯಾನ್ 610ಎಂಗೆ ಇಲ್ಲ, ಜೊತೆಗೆ ಬರುವ ಆರ್‌ಟಿಎಕ್ಸ್ 40 ಸರಣಿಯ ಗ್ರಾಫಿಕ್ಸ್ ಕಾರ್ಡ್‌ಗಳಿಗೂ ಇಲ್ಲ. ಹಾಗಾಗಿ ರೈಜೆನ್ ಯಂತ್ರದಲ್ಲಿ ಆ ಹೊರೆಯೆಲ್ಲ ಕೋರ್‌ಗಳ ಮೇಲೆ ಬೀಳುತ್ತದೆ: ಟೈಮ್‌ಲೈನ್ ತೊದಲುತ್ತದೆ, ಫ್ಯಾನ್ ಕೂಗುತ್ತದೆ, ಪ್ರಾಕ್ಸಿ (ಎಡಿಟ್‌ಗೆಂದು ಮಾಡಿಕೊಳ್ಳುವ ಹಗುರ ಪ್ರತಿ) ಮಾಡಿಕೊಳ್ಳದೆ ಕೆಲಸ ಸಾಗುವುದಿಲ್ಲ.

ಇಂಟೆಲ್ ಕೊಂಡವರೂ ಇಲ್ಲಿ ಎಡವುವುದುಂಟು. ಗೇಮ್‌ಗೆಂದು ಮಕ್ಸ್ ಸ್ವಿಚ್ಚನ್ನು (ಪರದೆಗೆ ಯಾವ ಗ್ರಾಫಿಕ್ಸ್ ಎಂದು ಆರಿಸುವ ಸೆಟ್ಟಿಂಗ್) 'ಡಿಜಿಪಿಯು ಮಾತ್ರ', ಅಂದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಮಾತ್ರ, ಎಂದು ಇಟ್ಟರೆ ಒಳಗಿನ ಯುಎಚ್‌ಡಿ ಗ್ರಾಫಿಕ್ಸ್ ಪೂರ್ತಿ ಆರಿಹೋಗುತ್ತದೆ, ಅದರೊಂದಿಗೆ ಕ್ವಿಕ್ ಸಿಂಕ್ ಕೂಡ. ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್ ಇದ್ದಕ್ಕಿದ್ದಂತೆ ನಿಧಾನವಾಗಿದೆ ಎನ್ನುವವರು ಮೊದಲು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಎರಡು ಜಿಪಿಯು ಕಾಣುತ್ತವೆಯೇ ನೋಡಬೇಕು. ಒಂದೇ ಕಂಡರೆ ಹೈಬ್ರಿಡ್ ಮೋಡ್‌ಗೆ ಬದಲಿಸಿ ರೀಸ್ಟಾರ್ಟ್ ಮಾಡಿ.

ಗೇಮ್‌ಗೆ ಬಂದರೆ, 1080ಪಿಯಲ್ಲಿ ಕೌಂಟರ್-ಸ್ಟ್ರೈಕ್ 2 ತರಹದ ವೇಗದ ಆಟಗಳಲ್ಲಿ ಇಂಟೆಲ್ ಸ್ವಲ್ಪ ಮುಂದಿರುತ್ತದೆ. 1440ಪಿ ಮೇಲೆ ಹೋದಂತೆ ಗ್ರಾಫಿಕ್ಸ್ ಕಾರ್ಡೇ ಯಜಮಾನ, ಪ್ರೊಸೆಸರ್ ವ್ಯತ್ಯಾಸ ಅಳಿಸಿಹೋಗುತ್ತದೆ. ಆರ್‌ಟಿಎಕ್ಸ್ 4060 ಇರುವ ಯಂತ್ರಕ್ಕೆ ಈ ಎರಡರಲ್ಲಿ ಯಾವುದನ್ನು ಕೊಂಡರೂ, ಗೇಮ್ ಒಂದೇ ಉದ್ದೇಶವಾಗಿದ್ದರೆ, ದುಡ್ಡು ತಪ್ಪು ಕಡೆ ಹೋದಂತೆಯೇ.

ಎರಡಕ್ಕೂ ಆಟದಲ್ಲಿ ಒಂದೊಂದು ಊನ ಇದೆ. ರೈಜೆನ್‌ನ 16 ಕೋರ್‌ಗಳು ಎಂಟೆಂಟರಂತೆ ಎರಡು ತುಂಡುಗಳಲ್ಲಿವೆ, ಒಂದೊಂದಕ್ಕೆ 32 ಎಂಬಿ ಕ್ಯಾಶ್. ಗೇಮ್‌ನ ಥ್ರೆಡ್ ಈ ತುಂಡಿನಿಂದ ಆ ತುಂಡಿಗೆ ಜಿಗಿದಾಗ ಡೇಟಾ ಸುತ್ತಿ ಬರಬೇಕು, ಫ್ರೇಮ್ ತಡವಾಗುತ್ತದೆ. ಇಂಟೆಲ್‌ನಲ್ಲಿ, ಹಳೆಯ ಆಟಗಳು ಕೆಲವೊಮ್ಮೆ ಇ-ಕೋರ್‌ಗೆ ಹೋಗಿ ಕೂರುತ್ತವೆ. ಮದ್ದು ಎರಡಕ್ಕೂ ಒಂದೇ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಆ ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಸೆಟ್ ಅಫಿನಿಟಿ' ತೆರೆದು, ಸಿಪಿಯು 0ರಿಂದ 15ರವರೆಗೆ ಮಾತ್ರ ಗುರುತು ಉಳಿಸಿ. ಇಂಟೆಲ್‌ನಲ್ಲಿ ಅವು ಎಂಟು ಪಿ-ಕೋರ್‌ಗಳ ಥ್ರೆಡ್‌ಗಳು, ರೈಜೆನ್‌ನಲ್ಲಿ ಮೊದಲ ತುಂಡಿನವು. ಗೇಮ್ ಮುಚ್ಚಿದರೆ ಈ ಸೆಟ್ಟಿಂಗ್ ಅಳಿಯುತ್ತದೆ. ಪ್ರತಿ ಸಲ ಮಾಡಲು ಬೇಸರವಾದರೆ ಪ್ರೊಸೆಸ್ ಲ್ಯಾಸೊ ಎಂಬ ತಂತ್ರಾಂಶ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆಂಟಿ-ಚೀಟ್ (ಮೋಸದಾಟ ಹಿಡಿಯುವ ತಂತ್ರಾಂಶ) ಇರುವ ಆಟಗಳಲ್ಲಿ ಇದನ್ನು ಮಾಡಲು ಹೋಗಬೇಡಿ.

ಬಿಸಿ ತಗ್ಗಿಸಲು ಹಲವರು ಪವರ್ ಆಪ್ಷನ್ಸ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಅನ್ನು 99% ಮಾಡುತ್ತಾರೆ. ಅದರಿಂದ ಟರ್ಬೊ ಪೂರ್ತಿ ನಿಂತು 14900ಎಚ್‌ಎಕ್ಸ್‌ನ ಪಿ-ಕೋರ್ ತನ್ನ ಮೂಲ ವೇಗವಾದ 2.2 ಗಿಗಾಹರ್ಟ್ಸ್ ಕಡೆಗೆ ಕುಸಿಯುತ್ತದೆ; ನೆಗಡಿ ಎಂದು ಮೂಗು ಕೊಯ್ದುಕೊಂಡ ಹಾಗೆ. ಅದರ ಬದಲು ಕಂಪನಿಯದೇ ಆ್ಯಪ್‌ನಲ್ಲೋ ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶದಲ್ಲೋ ದೀರ್ಘಾವಧಿಯ ಪವರ್ ಮಿತಿಯನ್ನು 65-70 ವ್ಯಾಟ್‌ಗೆ ಇಳಿಸಿ. ಗೇಮ್‌ನಲ್ಲಿ ಫ್ರೇಮ್ ಹೆಚ್ಚೇನೂ ಕಡಿಮೆಯಾಗುವುದಿಲ್ಲ, ಉಳಿದ ತಂಪು ಗ್ರಾಫಿಕ್ಸ್ ಕಾರ್ಡ್‌ಗೆ ಸಿಗುತ್ತದೆ.

ಅಂಡರ್‌ವೋಲ್ಟ್, ಅಂದರೆ ಚಿಪ್‌ಗೆ ಹೋಗುವ ವೋಲ್ಟೇಜ್ ತಗ್ಗಿಸುವುದು, ಬಯೋಸ್ (ಯಂತ್ರವನ್ನು ಶುರುಮಾಡುವ ಮೂಲ ತಂತ್ರಾಂಶ) ಬಿಟ್ಟುಕೊಟ್ಟರೆ ಮಾತ್ರ ಸಾಧ್ಯ. ಇಂಟೆಲ್‌ನಲ್ಲಿ ವಿಂಡೋಸ್‌ನ ಮೆಮೊರಿ ಇಂಟೆಗ್ರಿಟಿ ಎಂಬ ಸುರಕ್ಷತಾ ಸೆಟ್ಟಿಂಗ್ ಆನ್ ಇದ್ದರೆ ಥ್ರಾಟಲ್‌ಸ್ಟಾಪ್‌ನ ಬದಲಾವಣೆ ತಾಗುವುದೇ ಇಲ್ಲ ಎಂಬ ದೂರು ಸಾಮಾನ್ಯ. ತಾಗಿದರೆ ಕೋರ್ ಮತ್ತು ಕ್ಯಾಶ್ ಎರಡಕ್ಕೂ ಸಮನಾಗಿ ಮೈನಸ್ 50 ಮಿಲಿವೋಲ್ಟ್‌ನಿಂದ ಶುರು ಮಾಡಿ. ರೈಜೆನ್‌ನಲ್ಲಿ ಇದೇ ಕೆಲಸದ ಸೆಟ್ಟಿಂಗ್ ಕರ್ವ್ ಆಪ್ಟಿಮೈಸರ್, ಎಲ್ಲ ಕೋರ್‌ಗೆ ಮೈನಸ್ 10. ಅತಿಯಾದರೆ ಇಂಟೆಲ್ ಹೆಚ್ಚಾಗಿ ಭಾರದ ಕೆಲಸದ ನಡುವೆ ನಿಲ್ಲುತ್ತದೆ. ರೈಜೆನ್ ಹಾಗಲ್ಲ: ಗಂಟೆಗಟ್ಟಲೆ ಸಿನೆಬೆಂಚ್ ಎಂಬ ಭಾರದ ಪರೀಕ್ಷೆ ಗೆದ್ದು, ಆಮೇಲೆ ಬ್ರೌಸರ್ ತೆರೆದು ಸುಮ್ಮನಿದ್ದಾಗ ರೀಸ್ಟಾರ್ಟ್ ಆಗಬಹುದು, ಏಕೆಂದರೆ ಹಗುರ ಕೆಲಸದಲ್ಲೇ ಒಂದು ಕೋರ್ ತುದಿವೇಗಕ್ಕೆ ಹಾರುತ್ತದೆ. ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ-ಲಾಗರ್ 18 ಎಂಬ ಹಾರ್ಡ್‌ವೇರ್ ದೋಷ ಕಂಡರೆ ಐದು ಹೆಜ್ಜೆ ಹಿಂದೆ ಬನ್ನಿ.

ಬ್ಯಾಟರಿ ಬಗ್ಗೆ ಹೇಳುವುದು ಕಡಿಮೆ. 99.9 ವ್ಯಾಟ್-ಅವರ್ ಬ್ಯಾಟರಿ ಇದ್ದರೂ ಎರಡೂ ಚಾರ್ಜರ್ ಬಿಟ್ಟು ಹೊರಡುವ ಯಂತ್ರಗಳಲ್ಲ. ಥಂಡರ್‌ಬೋಲ್ಟ್ ಡಾಕ್ (ಒಂದೇ ಕೇಬಲ್‌ನಲ್ಲಿ ಹಲವು ಸಾಧನ ಜೋಡಿಸುವ ಪೆಟ್ಟಿಗೆ) ಇರುವವರು ಥಂಡರ್‌ಬೋಲ್ಟ್ ಪೋರ್ಟ್ ಇರುವ ಇಂಟೆಲ್ ಮಾದರಿಯ ಕಡೆ ಹೋಗಿ, 7945ಎಚ್‌ಎಕ್ಸ್ ಚಿಪ್‌ನೊಳಗೆ ಅದಕ್ಕೆ ಸಮನಾದ ಯುಎಸ್‌ಬಿ4 ಇಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು 2024ರಲ್ಲಿ ವೋಲ್ಟೇಜ್ ದೋಷದಿಂದ ಸುದ್ದಿಯಾದವಲ್ಲ, ಆ ದೋಷ ಲ್ಯಾಪ್‌ಟಾಪ್ ಚಿಪ್‌ಗಳಿಗೆ ತಟ್ಟಿಲ್ಲ ಎಂದು ಇಂಟೆಲ್ ಹೇಳಿದೆ. ಆದರೂ ಬಯೋಸ್ ಅಪ್‌ಡೇಟ್ ಮಾಡಿಯೇ ಬಳಸಿ.

7945ಎಚ್‌ಎಕ್ಸ್ ಇರುವ ಹೊಸ ಯಂತ್ರ ಅಂಗಡಿಯಲ್ಲಿ ಸಿಗದಿದ್ದರೆ 2025ರ ರೈಜೆನ್ 9 8945ಎಚ್‌ಎಕ್ಸ್ ಕೇಳಿ. ಹೆಸರು ಹೊಸದು, ಒಳಗೆ ಅದೇ 16 ಜೆನ್ 4 ಕೋರ್, ಅದೇ 5.4 ಗಿಗಾಹರ್ಟ್ಸ್, ಹೊಸ ತಲೆಮಾರು ಎಂದು ಹೆಚ್ಚು ಹಣ ಕೇಳಿದರೆ ಕೊಡಬೇಡಿ.