ಹೊನ್ನಿಂಗ್ಸ್‌ವೋಗ್‌ನಲ್ಲಿ ಒಂದು ದಿನ: ಹಡಗಿನ ಬಸ್ಸೋ, ದಕ್ಕೆಯ ಬಸ್ಸೋ, ನಮ್ಮ ಕಾಲೋ?

ಮಗಳು ಹ್ಯಾಂಬರ್ಗ್‌ನಲ್ಲಿ ನೆಲೆಸಿದ ಮೇಲೆ ನಮ್ಮ ಬೇಸಿಗೆಗಳು ಉತ್ತರದ ಕಡೆ ತಿರುಗಿದವು. ಅಲ್ಲಿಂದ ಹೊರಡುವ ವಿಹಾರ ಹಡಗುಗಳು ನಾರ್ವೆಯ ಕರಾವಳಿಯುದ್ದಕ್ಕೂ ಮೇಲೇರಿ, ಮಾಗೆರೊಯಾ ದ್ವೀಪದ ಹೊನ್ನಿಂಗ್ಸ್‌ವೋಗ್ ಎಂಬ ಪುಟ್ಟ ಊರಿನ ದಕ್ಕೆಗೆ ಬಂದು ನಿಲ್ಲುತ್ತವೆ. ನಾನು ಅಲ್ಲಿ ಎರಡು ಸಲ ಇಳಿದಿದ್ದೇನೆ. ಊರಿನ ಜನಸಂಖ್ಯೆ ಎರಡು ಸಾವಿರ ಚಿಲ್ಲರೆ. ಮೊದಲ ಸಲ ನಮ್ಮ ಹಡಗಿನಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದರು. ಇಳಿದವರಲ್ಲಿ ಬಹುಪಾಲು ಮಂದಿ ಊರಿನತ್ತ ಕಣ್ಣೆತ್ತಿಯೂ ನೋಡದೆ ಸಾಲಾಗಿ ನಿಂತ ಬಸ್ಸುಗಳನ್ನು ಹತ್ತಿ 34 ಕಿಲೋಮೀಟರ್ ಆಚೆಗಿನ, ಯೂರೋಪಿನ ಉತ್ತರದ ತುತ್ತತುದಿ ಎಂದು ಹೆಸರಾದ ನಾರ್ತ್ ಕೇಪ್ ಬಂಡೆಗೆ ಹೊರಟುಬಿಟ್ಟರು. ಅವರಲ್ಲಿ ನಾನೂ ಒಬ್ಬಳು.

ಈ ಕಡೆ ಹೋಗುವ ಪರಿಚಯದವರು ನನ್ನನ್ನು ಕೇಳುವುದು ಒಂದೇ ಮಾತು: ಹಡಗಿನವರ ಪ್ರವಾಸಕ್ಕೆ ಮೊದಲೇ ಹಣ ಕಟ್ಟಬೇಕೇ, ಇಳಿದ ಮೇಲೆ ನೋಡಿಕೊಂಡರೆ ಸಾಕೇ? ಅವರು ದುಡ್ಡಿನ ಲೆಕ್ಕದಲ್ಲಿ ಕೇಳುತ್ತಾರೆ. ನಾನು ಮಂಜಿನ ಲೆಕ್ಕದಲ್ಲಿ ಉತ್ತರಿಸುತ್ತೇನೆ.

ಮೊದಲ ಸಲ, ಜುಲೈ ತಿಂಗಳು. ಮೂರು ತಿಂಗಳ ಹಿಂದೆಯೇ ಹಣ ಕಟ್ಟಿ ಆಗಿತ್ತು. ನಮ್ಮವರು ಮಂಡಿನೋವಿನ ನೆಪ ಹೇಳಿ ಊರಿನಲ್ಲೇ ಉಳಿದರು, ನಾನು ಎದೆಗೆ 14 ಎಂಬ ಸಂಖ್ಯೆಯ ಚೀಟಿ ಅಂಟಿಸಿಕೊಂಡು ಬಸ್ ಹತ್ತಿದೆ. ಹೇಳಬೇಕಾದ ಒಳ್ಳೆಯ ಮಾತು ಹೇಳಿಬಿಡುತ್ತೇನೆ: ಬಸ್ ಬೆಚ್ಚಗಿತ್ತು, ಜೊತೆಗೆ ಬಂದ ಹುಡುಗಿ ವಿಷಯ ತಿಳಿದವಳು. ದಾರಿಯಲ್ಲಿ ಕಂಡ ಹಿಮಸಾರಂಗಗಳು ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರವು, ಬೇಸಿಗೆ ಮೇವಿಗಾಗಿ ಈ ದ್ವೀಪಕ್ಕೆ ಬರುತ್ತವೆ, ಚಳಿಗಾಲಕ್ಕೆ ಮುಂಚೆ ಜಲಸಂಧಿಯನ್ನು ಈಜಿಕೊಂಡೇ ದಾಟಿ ಒಳನಾಡಿಗೆ ಮರಳುತ್ತವೆ ಎಂದು ಅವಳಿಂದಲೇ ತಿಳಿದದ್ದು. ಮರವೆಂಬುದಿಲ್ಲದ ಬೋಳು ಗುಡ್ಡಗಳ ನಡುವೆ ಮುಕ್ಕಾಲು ಗಂಟೆಯ ದಾರಿ. ಅರ್ಧ ದಾರಿಯಲ್ಲಿ ಮಂಜು ಶುರುವಾಯಿತು.

ಆಗುಂಬೆಗೆ ಸೂರ್ಯಾಸ್ತ ನೋಡಲು ಹೋಗಿ ಮೋಡ ನೋಡಿ ಬಂದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. 307 ಮೀಟರ್ ಎತ್ತರದ ಬಂಡೆಯ ಅಂಚಿನಲ್ಲಿ ನಿಂತಿದ್ದೇನೆ, ಕಾಲ ಕೆಳಗೆ ಸಮುದ್ರವಿದೆಯೋ ಗದ್ದೆಯಿದೆಯೋ ತಿಳಿಯದು. ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಕಬ್ಬಿಣದ ಭೂಗೋಳ ಹತ್ತು ಹೆಜ್ಜೆಯ ಹತ್ತಿರಕ್ಕೆ ಹೋಗುವವರೆಗೂ ಕಾಣಲಿಲ್ಲ. ಗಾಳಿಗೆ ಛತ್ರಿ ತಿರುವಿಹೋಯಿತು. ಎಲ್ಲರೂ ಅಲ್ಲಿನ ಭವನದೊಳಗೆ ನುಗ್ಗಿದೆವು. ಒಳಗೆ ದೊಡ್ಡ ತೆರೆಯ ಮೇಲೆ ಇದೇ ಬಂಡೆ, ಇದೇ ಸಮುದ್ರ, ಮಧ್ಯರಾತ್ರಿಯ ಸೂರ್ಯನ ಸಮೇತ ಚಲನಚಿತ್ರವಾಗಿ ಓಡುತ್ತಿತ್ತು. ಗೋಡೆಯಾಚೆ ಇರಬೇಕಾದುದನ್ನು ಗೋಡೆಯೊಳಗೆ ನೋಡಿ ನೂರಾರು ಜನ ಚಪ್ಪಾಳೆ ತಟ್ಟಿದೆವು. ನೆಲದಡಿಯ ಸುರಂಗದಲ್ಲಿ ಸಯಾಮಿನ (ಈಗಿನ ಥಾಯ್ಲೆಂಡಿನ) ರಾಜ ಚೂಳಾಲಂಕರಣ 1907ರಲ್ಲಿ ಇಲ್ಲಿಗೆ ಬಂದ ನೆನಪಿಗೆ ಪುಟ್ಟ ಥಾಯ್ ವಸ್ತುಸಂಗ್ರಹಾಲಯವಿದೆ. ಅಷ್ಟು ದೂರದಿಂದ, ಆ ಕಾಲದಲ್ಲಿ, ಬಿಸಿಲ ನಾಡಿನ ದೊರೆಯೊಬ್ಬ ಈ ಬಂಡೆ ಹತ್ತಿದ್ದನೆಂಬುದು ನನಗೆ ಆ ದಿನದ ಒಂದೇ ಲಾಭ.

ಒಂದೂವರೆ ಗಂಟೆಗೆ ಸರಿಯಾಗಿ ಬಸ್ ಹೊರಟಿತು. ಇನ್ನೊಂದು ಗಳಿಗೆ ಕಾಯೋಣವೆಂದರೆ ಕೇಳುವವರಿಲ್ಲ, ಸಂಖ್ಯೆ 14 ಹೊರಡಬೇಕು. ಊರು ತಲುಪುವಾಗ ಬಿಸಿಲು. ಹೊಟ್ಟೆ ಉರಿಸಲೆಂದೇ ಎಂಬಂತೆ ಆ ರಾತ್ರಿ ಹಡಗು ಕೇಪ್‌ನ ಮುಂದಿನಿಂದಲೇ ಸಾಗಿತು. ಬಂಡೆ ಬುಡದಿಂದ ತುದಿಯವರೆಗೆ ಸ್ವಚ್ಛವಾಗಿ ನಿಂತಿತ್ತು, ನೆತ್ತಿಯ ಮೇಲೆ ಸಾಸಿವೆ ಕಾಳಿನಷ್ಟು ಭೂಗೋಳ. ಡೆಕ್‌ನಲ್ಲಿ ಕಂಬಳಿ ಹೊದ್ದು ಕುಳಿತ ನಮ್ಮವರು, “ನನಗೆ ಬಿಟ್ಟಿಯಾಗಿ ಸಿಕ್ಕಿತು ನೋಡು” ಎಂದರು. ನಾನು ಮಾತನಾಡಲಿಲ್ಲ.

ಎರಡು ವರ್ಷಗಳ ನಂತರ, ಜೂನ್. ಈ ಸಲ ಜೊತೆಗೆ ಕುಂದಾಪುರದಿಂದ ಅಕ್ಕನೂ ಬಂದಿದ್ದಳು. ಹಡಗಿನವರಿಗೆ ಒಂದು ಕಾಸೂ ಕಟ್ಟಲಿಲ್ಲ. ದಕ್ಕೆಯ ಪಕ್ಕದಲ್ಲೇ ಸ್ಥಳೀಯ ಬಸ್ಸಿನ ಸೀಟು ಮಾರುವವರು ಇದ್ದರು. ಉಣ್ಣೆ ಟೋಪಿಯ ಒಬ್ಬರನ್ನು, “ಮೇಲೆ ಮಂಜು ಇದೆಯೇ?” ಎಂದು ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಮೊಬೈಲ್ ತೆಗೆದು, ಮೇಲೆ ಆಗಲೇ ಹೋಗಿದ್ದ ಇನ್ನೊಬ್ಬ ಚಾಲಕನಿಗೆ ಕರೆ ಮಾಡಿ, ನಾಲ್ಕು ಮಾತಾಡಿ, ನನ್ನ ಕಡೆ ತಿರುಗಿ ಅಂಗೈಯನ್ನು ಮುಖದ ಮುಂದೆ ಹಿಡಿದರು. ಅಂದರೆ ಏನೂ ಕಾಣುತ್ತಿಲ್ಲ. “ಈಗ ಬೇಡ, ಎರಡು ಗಂಟೆಯ ಬಸ್ಸಿಗೆ ಬನ್ನಿ.” ಕೈಗೆ ಬಂದ ಮೂರು ಟಿಕೆಟ್‌ಗಳ ವ್ಯಾಪಾರವನ್ನು ಬಿಟ್ಟುಕೊಟ್ಟ ಆ ಮನುಷ್ಯನಿಗಾಗಿಯೇ ನನ್ನ ಮತ ದಕ್ಕೆಯ ಬಸ್ಸಿಗೆ.

ಎರಡು ಗಂಟೆಗೆ ಹೋದೆವು. ದರ ಹಡಗಿನವರದಕ್ಕಿಂತ ಸಾಕಷ್ಟು ಕಡಿಮೆ. ವಿವರಣೆ ಎಂದರೆ ಚಾಲಕ ನೆನಪಾದಾಗ ಹೇಳುವ ಎರಡು ಮಾತು, ಅಷ್ಟೇ. ಮೇಲೆ ಆಕಾಶ ತೊಳೆದಿಟ್ಟ ಹಾಗಿತ್ತು. ಅಂಚಿನಿಂದ ಎಡಕ್ಕೆ ನೋಡಿದರೆ ತಗ್ಗಾದ ಕಲ್ಲಿನ ನಾಲಗೆಯೊಂದು ಸಮುದ್ರಕ್ಕೆ ಚಾಚಿಕೊಂಡಿದೆ. ಅದು ಕ್ನಿವ್‌ಶೆಲ್ಲೊಡ್ಡೆನ್. ಅದರ ತುದಿ ನಾರ್ತ್ ಕೇಪ್‌ಗಿಂತ ಸುಮಾರು ಒಂದೂವರೆ ಕಿಲೋಮೀಟರ್ ಉತ್ತರಕ್ಕಿದೆ. ಯೂರೋಪಿನ ತುತ್ತತುದಿ ಎಂದು ದುಡ್ಡು ಕೊಟ್ಟು ಬಂದು ನಿಂತವರ ಕಣ್ಣೆದುರಿಗೇ ಅದಕ್ಕಿಂತ ಮುಂದಿನ ತುದಿ ಬಿಟ್ಟಿಯಾಗಿ ಬಿದ್ದಿದೆ! ಅಲ್ಲಿಗೆ ಹೋಗಿಬರಲು 18 ಕಿಲೋಮೀಟರ್ ನಡೆಯಬೇಕು, ಆದ್ದರಿಂದ ಯಾರೂ ತಕರಾರು ಎತ್ತುವುದಿಲ್ಲ. ಮುಂದೆ ಉತ್ತರ ಧ್ರುವಕ್ಕೆ ಸುಮಾರು 2,100 ಕಿಲೋಮೀಟರ್. ಅಕ್ಕ ಕಂಬಿ ಹಿಡಿದು ಕೆಳಗೆ ಬಗ್ಗಿ ನೋಡಿ, “ಇಷ್ಟೆಲ್ಲ ನೀರು, ಒಂದು ದೋಣಿ ಇಲ್ಲವಲ್ಲೇ” ಎಂದಳು.

ಆದರೆ ದಕ್ಕೆಯ ಬಸ್ಸನ್ನು ಹೊಗಳಿ ಸುಮ್ಮನಾದರೆ ಮೋಸವಾಗುತ್ತದೆ. ಮರಳುವಾಗ ಹಿಮಸಾರಂಗಗಳ ಹಿಂಡೊಂದು ರಸ್ತೆಗೆ ಅಡ್ಡ ನಿಂತಿತು. ಚಾಲಕ ಎಂಜಿನ್ ಆರಿಸಿ ಕುಳಿತ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಹಡಗಿನವರ ಬಸ್ ತಡವಾದರೆ ಹಡಗು ಕಾಯುತ್ತದೆ, ನಮ್ಮ ಬಸ್ಸಿಗೆ ಕಾಯುವ ಹಂಗು ಅದಕ್ಕಿಲ್ಲ. ಸಮಯ ಇನ್ನೂ ಎರಡು ಗಂಟೆ ಇತ್ತು, ಆದರೂ ಆ ಚಳಿಯಲ್ಲಿ ನನ್ನ ಬೆನ್ನು ಬೆವರಿತು. ಹಡಗು ಏಳೆಂಟು ಗಂಟೆ ನಿಲ್ಲುವುದಾದರೆ ಮಾತ್ರ ಈ ದಾರಿ ಹಿಡಿಯಿರಿ. ನಾರ್ವೆಯ ಕರಾವಳಿ ಊರುಗಳ ನಡುವೆ ಓಡಾಡುವ ಹಡಗುಗಳ ಹಾಗೆ ಮೂರೂವರೆ ಗಂಟೆ ನಿಲ್ಲುವುದಾದರೆ ಹಡಗಿನ ಬಸ್ಸೇ ಗತಿ. ಮಂಜಿದ್ದರೆ ಚೂಳಾಲಂಕರಣನನ್ನು ನೋಡಿಕೊಂಡು ಬನ್ನಿ.

ಇನ್ನು ಮೂರನೆಯದು, ಕಾಲ್ನಡಿಗೆ. ಮಂಜು ಕರಗಲೆಂದು ಕಾದ ಆ ಬೆಳಗಿನಲ್ಲಿ ನಾವು ಊರು ಸುತ್ತಿದೆವು. ಹಿಂದಿನ ಸಲ ಇಲ್ಲೇ ಉಳಿದಿದ್ದ ನಮ್ಮವರೇ ಈಗ ಮಾರ್ಗದರ್ಶಿ. ಬಣ್ಣಬಣ್ಣದ ಮರದ ಮನೆಗಳನ್ನು ಕಂಡು ಹಳೆಯ ಊರೆಂದುಕೊಂಡರೆ ಬೇಸ್ತು ಬೀಳುತ್ತೀರಿ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಇಡೀ ಫಿನ್‌ಮಾರ್ಕ್ ಪ್ರಾಂತವನ್ನು ಸುಡುತ್ತಾ ಹೋಯಿತು. ಈ ಊರಿನಲ್ಲಿ ಉಳಿದದ್ದು 1885ರ ಬಿಳಿ ಚರ್ಚ್ ಒಂದೇ. ಮರಳಿ ಬಂದ ಜನ ಮೊದಲು ಅದರೊಳಗೇ ಸಂಸಾರ ಹೂಡಿದರಂತೆ. ಒಳಗೆ ಹೋಗಿ ಕುಳಿತೆವು. ಬೆಂಚುಗಳ ನಡುವಿನ ಜಾಗವನ್ನು ಅಕ್ಕ ಕಣ್ಣಿನಲ್ಲೇ ಅಳೆದು, “ಇಲ್ಲಿ ಎಷ್ಟು ಒಲೆ ಹೂಡಿರಬಹುದು?” ಎಂದು ಪಿಸುಗುಟ್ಟಿದಳು.

ದಕ್ಕೆಯ ಹತ್ತಿರ ಬಮ್ಸೆ ಎಂಬ ನಾಯಿಯ ಕಂಚಿನ ಪ್ರತಿಮೆ ಇದೆ. ತಲೆಯ ಮೇಲೆ ನಾವಿಕರ ಟೋಪಿ. ಇದೇ ಊರಿನಲ್ಲಿ ಬೆಳೆದ ಸೇಂಟ್ ಬರ್ನಾರ್ಡ್ ತಳಿಯ ನಾಯಿ, ಯುದ್ಧಕಾಲದಲ್ಲಿ ಯಜಮಾನನ ಹಡಗಿನ ಜೊತೆ ಸ್ಕಾಟ್ಲೆಂಡಿಗೆ ಹೋಗಿ, ನಾವಿಕರ ಜಗಳ ಬಿಡಿಸಿ, ಕುಡಿದವರನ್ನು ಹಡಗಿಗೆ ಕರೆತಂದು ಹೆಸರಾಯಿತು. 1944ರಲ್ಲಿ ಅಲ್ಲೇ ಮಾಂಟ್ರೋಸ್‌ನಲ್ಲಿ ಸತ್ತಿತು. ಹಿಂದಿನ ಸಲ ನಾನು ಮಂಜಿನಲ್ಲಿ ತಡವರಿಸುತ್ತಿದ್ದಾಗ ನಮ್ಮವರು ಒಂದು ಗಂಟೆ ಈ ನಾಯಿಯ ಪಕ್ಕದಲ್ಲಿ ಕುಳಿತಿದ್ದರಂತೆ. ಮಂಜುಗಡ್ಡೆಯಲ್ಲೇ ಕಟ್ಟಿದ ಬಾರ್ ಒಂದು ಇದೆ. ಚಳಿಯ ನಾಡಿನಲ್ಲಿ ದುಡ್ಡು ಕೊಟ್ಟು ಚಳಿಗೆ ಹೋಗುವ ಹುಮ್ಮಸ್ಸು ನಮಗಿರಲಿಲ್ಲ. ಪಫಿನ್ ಹಕ್ಕಿಗಳನ್ನು ನೋಡಲು ಯೆಸ್‌ವೇರ್ ಹಳ್ಳಿಯಿಂದ ದೋಣಿ ಹೊರಡುತ್ತದೆ. ನಾನು ಹೋಗಿಲ್ಲ, ಹಾಗಾಗಿ ತೂಗಿ ಹೇಳಲಾರೆ.

ಊರಂಚಿನಲ್ಲಿ ಕಂಡದ್ದು ಮಾತ್ರ ನಮ್ಮ ಕರಾವಳಿಯವರು ನೋಡಲೇಬೇಕು. ಮರದ ಕಂಬಗಳ ದೊಡ್ಡ ಚಪ್ಪರ, ಅದರ ತುಂಬ ದಾರದಲ್ಲಿ ಪೋಣಿಸಿ ತೂಗುಹಾಕಿದ ಕಾಡ್ ಮೀನಿನ ತಲೆಗಳು. ಬಾಯಿ ತೆರೆದುಕೊಂಡು, ಕಣ್ಣಿನ ಗುಳಿ ಬರಿದಾಗಿ, ಗಾಳಿ ಬಂದಾಗ ಒಂದಕ್ಕೊಂದು ತಾಗಿ ಒಣ ತೆಂಗಿನ ಚಿಪ್ಪುಗಳ ಹಾಗೆ ಟಕಟಕ ಸದ್ದು ಮಾಡುತ್ತಿದ್ದವು. ಇಂಥ ತಲೆಗಳು ನೈಜೀರಿಯಾಕ್ಕೆ ರಫ್ತಾಗುತ್ತವೆ, ಅಲ್ಲಿ ಸಾರಿಗೆ ಹಾಕುತ್ತಾರೆ. ಉಪ್ಪು ಹಚ್ಚುವುದಿಲ್ಲ, ಬಿಸಿಲಿನ ಕಾವೂ ಬೇಕಿಲ್ಲ, ತಣ್ಣನೆಯ ಗಾಳಿಯೇ ಒಣಗಿಸುತ್ತದೆ. ಅಕ್ಕನಿಗೆ ಇದು ನಂಬಿಕೆಯಾಗಲಿಲ್ಲ. ಒಂದು ತಲೆಯ ಹತ್ತಿರ ಮೂಗು ಒಯ್ದು, ಹಿಂದೆ ಸರಿದು, ಮತ್ತೆ ಒಯ್ದಳು. ಆಮೇಲೆ ಅಂಗಡಿಯಲ್ಲಿ ಅಂಥದೇ ಒಣಮೀನಿನ ಒಂದು ಪೊಟ್ಟಣ ಕೊಂಡಳು.

ಆ ಪೊಟ್ಟಣ ಉಳಿದ ಆರು ದಿನ ನಮ್ಮ ಕ್ಯಾಬಿನ್‌ನಲ್ಲಿ, ನಾಲ್ಕು ಪ್ಲಾಸ್ಟಿಕ್ ಚೀಲಗಳೊಳಗಿಂದಲೂ ತನ್ನ ಇರವನ್ನು ಸಾರುತ್ತಾ ಬಂದಿತು. ಕುಂದಾಪುರದಲ್ಲಿ ಎರಡು ದಿನ ನೆನೆಹಾಕಿ, ಮಸಾಲೆ ಅರೆದು, ಅಕ್ಕ ಸಾರು ಮಾಡಿದಳಂತೆ. ಹೇಗಿತ್ತೆಂದು ಫೋನಿನಲ್ಲಿ ಕೇಳಿದೆ. “ಮೂರು ಸಲ ಉಪ್ಪು ಹಾಕಿದೆ. ಸಾರಿಗೆ ಹತ್ತಿತು, ಮೀನಿಗೆ ಹತ್ತಲಿಲ್ಲ” ಎಂದಳು.