ಪುಣೆ-ಸೋಲಾಪುರ ರಸ್ತೆಯಲ್ಲಿ ‘ಶೋರೂಮ್‌ನಲ್ಲಿ ಬಿಚ್ಚಿದ್ದು’ ಅಂತ ಟ್ರ್ಯಾಕ್ಟರ್ ಟಾಯರ್ ಕೊಟ್ಟರೆ ತಗೋಬೇಡಿ

ಇಂಡಿ, ಚಡಚಣ, ಜತ್ ಕಡೆಯಿಂದ ಕಬ್ಬಿನ ಸೀಜನ್‌ಗೆ ಟ್ರ್ಯಾಕ್ಟರ್ ತಂದು ದೌಂಡ್, ಇಂದಾಪುರ, ಬಾರಾಮತಿ ಸುತ್ತ ಓಡಿಸ್ತಿರೋ ನಮ್ಮವರೆಲ್ಲ ಇದನ್ನ ಓದಿ. ಹಡಪಸರ್ ದಾಟಿ ಯವತ್ ಕಡೆ ಬರುವಾಗ ಹೈವೇ ಪಕ್ಕದ ಒಂದು ಅಂಗಡಿಯಲ್ಲಿ ಹಿಂದಿನ ಗಾಲಿಯ ಜೋಡಿ, 13.6-28 (13.6 ಇಂಚು ಅಗಲ, 28 ಇಂಚಿನ ರಿಮ್), 12 ಪಿಆರ್ (ಭಾರ ಹೊರೋ ಪದರದ ಲೆಕ್ಕ), ಹೊಸದು ಅಂತ ಕೊಟ್ಟರು. ಹೊಸದಲ್ಲ. 2017ರ ಮಾಲು. ಇದನ್ನ ಬರೆಯೋಕೇ ನಾಚಿಕೆ ಆಗ್ತದೆ.

ಅಂಗಡಿಯವನು ಹೇಳಿದ ಕಥೆ ಏನಂದ್ರೆ, ಗಿರಾಕಿಯೊಬ್ಬ ಹೊಸ ಟ್ರ್ಯಾಕ್ಟರ್ ತಗೊಂಡು ಇನ್ನೂ ಅಗಲದ 14.9 ಹಾಕಿಸಿಕೊಂಡ, ಕಂಪನಿಯಿಂದ ಬಂದ 13.6 ಜೋಡಿ ಹಾಗೇ ಉಳೀತು, ಹೊಲ ಕಂಡಿಲ್ಲ. ಹಂಗೆ ಬಿಚ್ಚಿದ ಟಾಯರ್ ಮಾರೋದು ನಿಜವಾಗಿಯೂ ಇದೆ, ಒಳ್ಳೇ ಮಾಲೂ ಸಿಗ್ತದೆ. ಅದಕ್ಕೇ ಈ ಸುಳ್ಳು ನಡೀತದೆ. ಅಂಗಡಿ ರೇಟಿಗಿಂತ ಜೋಡಿಗೆ ಐದಾರು ಸಾವಿರ ಕಡಿಮೆ. ಬಿಲ್ ಕೇಳಿದ್ರೆ "ಬಿಲ್ ಯಾಕೆ, ಜಿಎಸ್‌ಟಿ 18 ಪರ್ಸೆಂಟ್ ಸುಮ್ನೆ ಹೋಗ್ತದೆ" ಅಂದ. ಎಲ್ಲೈತ್ರೀ 18? 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟಾಯರು, ಟ್ಯೂಬಿನ ಜಿಎಸ್‌ಟಿ 5ಕ್ಕೆ ಇಳಿದಿದೆ. ಇನ್ನೂ 18ರ ಲೆಕ್ಕ ಹೇಳೋ ಅಂಗಡಿಯವನಿಗೆ ಬಿಲ್ ಕೊಡೋ ಮನಸ್ಸಿಲ್ಲ ಅಂತಲೇ ತಿಳ್ಕೊಳ್ಳಿ.

ಈಗ ಕೈಚಳಕ ಎಲ್ಲಿತ್ತು ನೋಡಿ.

ಟಾಯರ್ ಪಕ್ಕದ ಗೋಡೆ ಮೇಲೆ ನಾಲ್ಕು ಅಂಕಿ ಇರ್ತಾವೆ. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. 3117 ಅಂದ್ರೆ 2017ರ 31ನೇ ವಾರ. ಸಾಮಾನ್ಯವಾಗಿ ಈ ಅಂಕಿ ಒಂದೇ ಬದಿಗೆ ಇರ್ತದೆ. ಟ್ರ್ಯಾಕ್ಟರ್ ಟಾಯರ್‌ಗೆ ತಿರುಗೋ ದಿಕ್ಕೂ ಇದೆ, ಬಾಣದ ಗುರುತು ಇರ್ತದೆ, ಮುಂದಕ್ಕೆ ಹೋಗುವಾಗ ಹಲ್ಲುಗಳ V ಆಕಾರದ ನಡುವಿನ ಚೂಪು ತುದಿ ಮೊದಲು ನೆಲಕ್ಕೆ ತಾಗಬೇಕು. ಹಾಗಾಗಿ ಒಂದೇ ಅಚ್ಚಿನ ಜೋಡಿ ಸರಿಯಾಗಿ ಹಾಕಿದ್ರೆ ಎಡಕ್ಕೋ ಬಲಕ್ಕೋ ಒಂದು ಗಾಲಿಯ ಅಂಕಿ ಹೊರಗೆ ಕಾಣಲೇಬೇಕು. ಎರಡೂ ಒಳಗೇ ಮುಚ್ಚಿದ್ರೆ ಒಂದು ಉಲ್ಟಾ ಹಾಕಿದ್ದಾರೆ ಅಂತ ಅರ್ಥ. ಅವನು ಮಾಡಿದ್ದು ಅದೇ! ತಾರೀಖು ಮುಚ್ಚೋಕೆ ಬಲಗಡೆ ಟಾಯರ್ ಉಲ್ಟಾ ಕೂರಿಸಿದ.

ನೀರು ಬಿಟ್ಟ ಕಬ್ಬಿನ ಹೊಲಕ್ಕೆ ಇಳಿದಾಗ ಎಡಗಾಲಿ ಮಣ್ಣು ಉದುರಿಸಿಕೊಂಡು ಹೋಗ್ತಿತ್ತು, ಬಲಗಾಲಿ ಹಲ್ಲಿನ ಸಂದಿಗೆ ಮೆತ್ತಿಕೊಂಡು ರೊಟ್ಟಿಯಂಗೆ ನುಣ್ಣಗಾಗಿ ನಿಂತಲ್ಲೇ ತಿರುಗ್ತಿತ್ತು. ಉಲ್ಟಾ ಹಲ್ಲು ಮಣ್ಣನ್ನ ಹೊರಗೆ ತಳ್ಳೋದಿಲ್ಲ, ನಡುವಿಗೆ ಎಳ್ಕೊಳ್ತದೆ. ಫೋನ್ ಮಾಡಿದ್ರೆ ಉತ್ತರ: "ಭಾವು, ಊಸ್ (ಕಬ್ಬು) ಎಳೆಯೋ ಗಾಡಿಗೆ ನಾವು ಬೇಕಂತಲೇ ಉಲ್ಟಾ ಹಾಕ್ತೀವಿ, ಡಾಂಬರ್ ಮೇಲೆ ಸವೆಯೋದು ಕಡಿಮೆ." ಎಂಥಾ ಬಾಯಿ ನೋಡಿ. ಬರೀ ರೋಡ್ ಮೇಲೆ ಎಳೆಯೋರು ಕೆಲವರು ಹಂಗೆ ಹಾಕೋದುಂಟು, ಆದ್ರೆ ಎರಡೂ ಗಾಲಿಗೆ ಹಾಕ್ತಾರೆ. ಒಂದಕ್ಕೆ ಮಾತ್ರ ಯಾರು ಹಾಕ್ತಾರೆ?

ಪಾಟಸ್‌ನಲ್ಲಿ ಪಂಚರ್‌ಗೆ ಗಾಲಿ ಬಿಚ್ಚಿ ಮಲಗಿಸಿದಾಗ ಎಲ್ಲಾ ಹೊರಗೆ ಬಂತು. ಎಡ ಟಾಯರ್ ಒಳಬದಿಗೆ 3117 ನಿಚ್ಚಳ. ಬಲದ್ದರಲ್ಲಿ 31 ಉಳಿದಿದೆ, ಮುಂದಿನ ಎರಡಂಕಿ ಗ್ರೈಂಡರ್‌ನಿಂದ ಉಜ್ಜಿದ್ದಾರೆ. ಒದ್ದೆ ಬಟ್ಟೆ ಹಾಕಿ ಒರೆಸಿದ್ರೆ ಕೈತುಂಬ ಕರಿ. ಕರಿ ಹೋದ ಮೇಲೆ ಹಲ್ಲಿನ ಬುಡದಲ್ಲಿ ಕೂದಲೆಳೆ ಬಿರುಕು, ಸುತ್ತಲೂ. ರಿಮ್‌ಗೆ ಕೂರೋ ಅಂಚಿನಲ್ಲಿ ಲಿವರ್ ಹಾಕಿ ಎತ್ತಿದ ಗಾಯ, ಅಂದ್ರೆ ಹಿಂದೆಯೂ ಹಾಕಿ ಬಿಚ್ಚಿದ್ದು. ಹಲ್ಲಿನ ಮಧ್ಯದ ಸಂದಿ ಬಿಸಿ ಕತ್ತಿಯಲ್ಲಿ ಆಳ ಮಾಡಿದ್ದು, ಒಂದು ಕಡೆ ನೂಲು ಇಣುಕ್ತಿತ್ತು. ಹೊಸ ಟ್ಯೂಬ್ ಅಂತ ದುಡ್ಡು ತಗೊಂಡು ಒಳಗೆ ಹಳೇ ಟ್ಯೂಬ್. ಓಡಿ ಹಿಗ್ಗಿದ ಟ್ಯೂಬ್ ಇನ್ನೊಂದು ಟಾಯರ್ ಒಳಗೆ ಮಡಚಿಕೊಳ್ತದೆ, ಆ ಮಡಿಕೆ ಉಜ್ಜಿ ಉಜ್ಜಿ ಹರೀತದೆ. ಪಂಚರ್ ಆಗಿದ್ದು ಮೊಳೆಯಿಂದಲ್ಲ, ಆ ಮಡಿಕೆಯಲ್ಲೇ.

ಫೋಟೋ ಕಳಿಸಿದ್ದಕ್ಕೆ ಬಂದದ್ದು: "ತಾರೀಖ್ ನಾಹೀ, ನಕ್ಷೀ ಬಘಾ." ತಾರೀಖು ಬಿಡು, ಹಲ್ಲು ನೋಡು ಅಂತ! ಆ ಹಲ್ಲನ್ನೇ ಕತ್ತಿ ಹಾಕಿ ಕೆತ್ತಿದ್ದು ಕಾಣ್ತಿದೆ ಅಂದ್ರೆ, "ನೀವು ಓವರ್‌ಲೋಡ್ ಹಾಕಿದ್ರಿ." ಓವರ್‌ಲೋಡ್‌ನಿಂದ ಅಂಕಿ ಉಜ್ಜಿ ಹೋಗ್ತದಾ? ಟ್ಯೂಬಿನ ಮಾತು ಎತ್ತಿದ್ರೆ ಫೋನ್ ಕಟ್. ಗ್ರಾಹಕ ಸಹಾಯವಾಣಿ 1915 ಇದೆ, ಆದ್ರೆ ಬಿಲ್ಲೇ ಕೊಡದೆ ಕೈ ತೊಳ್ಕೊಂಡವನ ಮೇಲೆ ದೂರಿಗೆ ಏನು ಹಚ್ಚೋದು? ಕಂಪನಿ ವಾರಂಟಿಗೂ ಬಿಲ್ಲು, ಸೀರಿಯಲ್ ನಂಬರ್ ಬೇಕು.

ನೋಡೋದು ಇಷ್ಟು. ಟಾಯರ್ ರಿಮ್‌ಗೆ ಏರೋ ಮೊದಲು ಎರಡೂ ಬದಿ ತಿರುಗಿಸಿ ಅಂಕಿ ಓದಿ, ಫೋಟೋ ತೆಗೀರಿ, ಟಾಯರ್ ಮೇಲಿನ ಸೀರಿಯಲ್ ನಂಬರ್ ಬಿಲ್‌ನಲ್ಲಿ ಬರೆಸಿ. ಒದ್ದೆ ಬಟ್ಟೆಯಿಂದ ಒರೆಸಿ. ಹೊಸ ಟಾಯರ್ ಮೇಲೆ ಅಚ್ಚಿನ ಸಣ್ಣ ರಬ್ಬರ್ ಕೂದಲು ಇರ್ತಾವೆ, ಒಂದೂ ಇಲ್ಲದಿದ್ರೆ ಕೇಳಿ. ಉಗುರು ಒತ್ತಿ, ಹಳೇ ರಬ್ಬರ್ ಕಲ್ಲಾಗಿರ್ತದೆ. ಒಳಗೆ ಕೈ ಹಾಕಿ ತೇಪೆ ಇದೆಯಾ ನೋಡಿ. ಟ್ಯೂಬ್ ಡಬ್ಬಿ ನಿಮ್ಮೆದುರೇ ಒಡೆಯಲಿ, ಒಳಗೆ ಪೌಡರ್ ಹಾಕಲಿ.

ಗಾಳಿ ಹೊಡೆಯೋವಾಗಲೂ ಮೀಟರ್ ಮೇಲೆ ಕಣ್ಣಿರಲಿ. ಅಂಚು ಕೂರಿಸೋಕೆ 35 ಪಿಎಸ್‌ಐ ದಾಟಬಾರದು, ಕೂರದಿದ್ರೆ ಗಾಳಿ ಬಿಟ್ಟು ಸೋಪು ನೀರು ಹಚ್ಚಿ ಮತ್ತೆ ಹೊಡೀಬೇಕು. ಆ ಅಂಗಡಿಯಲ್ಲಿ ಮೀಟರೇ ಇರಲಿಲ್ಲ, ಸುತ್ತಿಗೆಯಿಂದ ಬಡಿದು ಸದ್ದು ಕೇಳಿ ಸರಿ ಅಂತಿದ್ದರು. ಹೊಲಕ್ಕೆ ಹಿಂದಿನ ಗಾಲಿಗೆ 12-14 ಪಿಎಸ್‌ಐ ಸಾಮಾನ್ಯ, ಟ್ರೇಲರ್ ಎಳೆಯೋವಾಗ ಜಾಸ್ತಿ, ಎಷ್ಟು ಅನ್ನೋದು ಕಂಪನಿ ಚಾರ್ಟ್‌ನಲ್ಲಿದೆ. ನೆಲಕ್ಕೆ ತಾಗೋ ಭಾಗದ ನಡು ಸವೆದ್ರೆ ಗಾಳಿ ಹೆಚ್ಚು, ಅದರ ಎರಡು ಬದಿ ಸವೆದ್ರೆ ಕಮ್ಮಿ. ತೂಕಕ್ಕೆ ಟಾಯರ್ ಒಳಗೆ ನೀರು ತುಂಬಿಸೋದಾದ್ರೆ ವಾಲ್ವ್ ಮೇಲ್ಗಡೆ ಬರೋ ಹಾಗೆ ಇಟ್ಟು ಮುಕ್ಕಾಲು ಭಾಗ ಮಾತ್ರ. ನಾಲ್ಕೂ ಗಾಲಿ ಎಳೆಯೋ ಗಾಡಿಗೆ 14.9 ಹಾಕಿಸಿ ಅಂತಾನೂ ಅವನು ಹೇಳ್ತಾನೆ. ಹಿಂದಿನ ಸೈಜ್ ಮಾತ್ರ ಬದಲಿಸಿದ್ರೆ ಮುಂದಿನ ಗಾಲಿಯ ವೇಗದ ಹೊಂದಾಣಿಕೆ ತಪ್ಪಿ ಗೇರಿಗೆ ಹೊಡೆತ ಬೀಳ್ತದೆ, ಕೇಳಬೇಡಿ.

ಜಗಳ ಆಡಿ ಆಡಿ ಕೊನೆಗೆ ಅರ್ಧ ದುಡ್ಡಿಗೆ ಆ ಜೋಡಿ ವಾಪಸ್ ಇಟ್ಕೊಂಡ. ಗುಜರಿಗೆ ಹಾಕೋನಲ್ಲ ಅವನು, ಮತ್ತೆ ಕರಿ ಹಚ್ಚಿ ನಿಲ್ಲಿಸ್ತಾನೆ. 13.6-28, ಒಂದರಲ್ಲಿ 3117, ಇನ್ನೊಂದರಲ್ಲಿ 31 ಆದ ಮೇಲೆ ಗ್ರೈಂಡರ್ ಗುರುತು. ಯವತ್ ಸುತ್ತಮುತ್ತ ಯಾರಾದ್ರೂ ನಿಮಗೆ ಇದನ್ನ ತೋರಿಸಿದ್ರೆ ಗಾಡಿ ಸ್ಟಾರ್ಟ್ ಮಾಡಿ ಹೊರಡಿ.