ಹಳೆಯ ಎಂಜಿನ್ನಿನ ಕ್ಯಾಮ್ ಟೈಮಿಂಗ್‌ಗೆ ಡಿಗ್ರಿ ವೀಲ್ ಸೆಟ್: ಬಳಸಿ ನೋಡಿದ ಅಭಿಪ್ರಾಯ

ಟೈಮಿಂಗ್ ಗೇರುಗಳ ಮೇಲಿನ ಗುರುತುಗಳನ್ನು ಕೂಡಿಸಿದರೆ ಕ್ಯಾಮ್ ಟೈಮಿಂಗ್ (ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ದಂಡದ ಸಮಯ ಹೊಂದಾಣಿಕೆ) ಸರಿಯಾಯಿತು ಎಂದು ಹಳೆಯ ಬೈಕುಗಳ ಎಂಜಿನ್ ಕಟ್ಟುವ ಅನೇಕರು ನಂಬುತ್ತಾರೆ. ಆದರೆ ಕ್ಯಾಮ್ ಒಮ್ಮೆ ಮರುಗ್ರೈಂಡ್ ಆಗಿದ್ದರೆ (ಉಜ್ಜಿ ಆಕಾರ ಬದಲಿಸಿದ್ದರೆ) ಅಥವಾ ಗೇರ್ ಇನ್ನಾವುದೋ ಎಂಜಿನ್ನಿನಿಂದ ಬಂದಿದ್ದರೆ, ಆ ಗುರುತು ಹಲ್ಲು ಎಲ್ಲಿ ಕೂತಿದೆ ಎಂಬುದನ್ನಷ್ಟೇ ಹೇಳುತ್ತದೆ. ವಾಲ್ವ್ ಯಾವಾಗ ತೆರೆಯುತ್ತದೆ ಎಂಬುದನ್ನು ಅಳೆದೇ ತಿಳಿಯಬೇಕು. ಅದಕ್ಕೆಂದು ನಾನು ಕೊಂಡ ಸೆಟ್ಟಿನಲ್ಲಿ 250 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಡಿಗ್ರಿ ವೀಲ್ (ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗಿತೆಂದು ತೋರಿಸುವ ಚಕ್ರ), 14 ಮಿ.ಮೀ. ಥ್ರೆಡ್ಡಿನ ಪಿಸ್ಟನ್ ಸ್ಟಾಪ್ (ಸ್ಪಾರ್ಕ್ ಪ್ಲಗ್ ರಂಧ್ರದಲ್ಲಿ ಕೂತು ಪಿಸ್ಟನ್ನನ್ನು ತಡೆಯುವ ಬೋಲ್ಟು), ವಾಲ್ವ್‌ನ ಚಲನೆ ಅಳೆಯುವ ಡಯಲ್ ಗೇಜ್ ಮತ್ತು ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇವೆ. ಟ್ರಯಂಫ್ 650 ಸಿಸಿ ಟ್ವಿನ್ ಎಂಜಿನ್ ಮೇಲೆ ಇವನ್ನು ಬಳಸಿದ್ದೇನೆ.

ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ಗೇರಿಗೆ 25, ನಡುವಿನ ಗೇರಿಗೆ 47, ಕ್ಯಾಮ್ ಗೇರುಗಳಿಗೆ 50 ಹಲ್ಲುಗಳಿವೆ. 47 ಅವಿಭಾಜ್ಯ ಸಂಖ್ಯೆಯಾದ್ದರಿಂದ ಒಮ್ಮೆ ಕೂಡಿದ ಗುರುತುಗಳು ಕ್ರ್ಯಾಂಕ್ 94 ಸುತ್ತು ತಿರುಗಿದ ಮೇಲಷ್ಟೇ ಮತ್ತೆ ಒಟ್ಟಿಗೆ ಕೂಡುತ್ತವೆ. ಕ್ಯಾಮ್ ಗೇರ್ ಒಂದು ಹಲ್ಲು ತಪ್ಪಿದರೆ ಕ್ಯಾಮ್‌ನಲ್ಲಿ 7.2, ಕ್ರ್ಯಾಂಕ್‌ನಲ್ಲಿ 14.4 ಡಿಗ್ರಿ ವ್ಯತ್ಯಾಸ ಬರುತ್ತದೆ; ಅದಕ್ಕಿಂತ ಸೂಕ್ಷ್ಮವಾಗಿ ಸರಿಪಡಿಸಲೆಂದೇ ಕ್ಯಾಮ್ ಗೇರಿನಲ್ಲಿ ಮೂರು ಕೀವೇಗಳಿವೆ (ಗೇರನ್ನು ದಂಡದ ಮೇಲೆ ಬೇರೆ ಬೇರೆ ಕೋನದಲ್ಲಿ ಕೂರಿಸಲು ಬಿಟ್ಟ ಸೀಳುಗಳು). ಅಳತೆ ನಂಬುವಂತಿಲ್ಲದಿದ್ದರೆ ಈ ಸೌಲಭ್ಯವಿದ್ದೂ ಪ್ರಯೋಜನವಿಲ್ಲ.

ವೀಲ್ ಈ ಸೆಟ್ಟಿನ ನಿಜವಾದ ಸತ್ವ. ಇಷ್ಟು ವ್ಯಾಸದಲ್ಲಿ ಒಂದು ಡಿಗ್ರಿಗೆ ಅಂಚಿನಲ್ಲಿ ಸುಮಾರು 2.2 ಮಿ.ಮೀ. ಜಾಗ ಸಿಗುವುದರಿಂದ ಅರ್ಧ ಡಿಗ್ರಿಯನ್ನೂ ಕಣ್ಣಳತೆಯಲ್ಲಿ ಧೈರ್ಯವಾಗಿ ಓದಬಹುದು. ಗೆರೆಗಳು ಕೊರೆದವು, ಬಣ್ಣದವಲ್ಲ, ಎಣ್ಣೆ ಒರೆಸಿದರೂ ಮಾಸುವುದಿಲ್ಲ. ಪಿಸ್ಟನ್ ಸ್ಟಾಪ್‌ನ ತುದಿಯನ್ನು ದುಂಡಗೆ ಮಾಡಿರುವುದು ತಯಾರಕರ ವಿವೇಕವನ್ನು ತೋರಿಸುತ್ತದೆ, ಏಕೆಂದರೆ ಚೂಪಾದ ತುದಿ ಮೃದುವಾದ ಪಿಸ್ಟನ್ ತಲೆಯ ಮೇಲೆ ಗುಳಿ ಬೀಳಿಸುತ್ತದೆ. ಟಿಡಿಸಿಯ (ಪಿಸ್ಟನ್ ತಲುಪುವ ಅತಿ ಮೇಲಿನ ಬಿಂದು) ಆಸುಪಾಸಿನ ಹಲವು ಡಿಗ್ರಿಗಳಲ್ಲಿ ಪಿಸ್ಟನ್ ಅಲುಗುವುದೇ ಗೊತ್ತಾಗುವುದಿಲ್ಲವಾದ್ದರಿಂದ ಅದನ್ನು ನೇರವಾಗಿ ನೋಡಿ ಗುರುತಿಸಲಾಗದು; ಸ್ಟಾಪ್ ಹಾಕಿ ಕ್ರ್ಯಾಂಕನ್ನು ಎರಡೂ ದಿಕ್ಕಿನಿಂದ ಮೆಲ್ಲಗೆ ಅದಕ್ಕೆ ತಾಗಿಸಿ, ಎರಡು ಓದುಗಳ ನಡುಬಿಂದುವನ್ನು ಟಿಡಿಸಿ ಎಂದು ಹಿಡಿಯಬೇಕು. ಮತ್ತೆ ಮತ್ತೆ ನೋಡಿದಾಗಲೂ ಈ ಸ್ಟಾಪ್ ಅದೇ ಓದನ್ನು ಕೊಟ್ಟಿತು.

ಡಯಲ್ ಗೇಜ್ ನಿಖರವಾಗಿದೆ, ಸ್ಟ್ಯಾಂಡ್ ಮಾತ್ರ ನಿರಾಶೆ ತರಿಸಿತು. ಹೆಡ್ ಅಲ್ಯೂಮಿನಿಯಂನದ್ದಾದ್ದರಿಂದ ಮ್ಯಾಗ್ನೆಟ್ ಅಂಟುವುದಿಲ್ಲ, ಹೀಗಾಗಿ ಸ್ಟಡ್ಡುಗಳಿಗೆ ಉಕ್ಕಿನ ಪಟ್ಟಿಯೊಂದನ್ನು ಬಿಗಿದು ಅದರ ಮೇಲೆ ನಿಲ್ಲಿಸಬೇಕಾಯಿತು. ಸ್ಟ್ಯಾಂಡಿನ ತೋಳಿನ ಕೀಲುಗಳೂ ಸಡಿಲ. ಗೇಜಿನ ಕಡ್ಡಿ ವಾಲ್ವ್‌ನ ಅಕ್ಷಕ್ಕೆ ಸಮಾಂತರವಾಗಿ ನಿಲ್ಲದಿದ್ದರೆ ಓದೇ ಕೆಡುತ್ತದೆ ಎಂಬುದನ್ನು ಅರಿತವರಿಗೆ ಇದು ಸಣ್ಣ ದೋಷವೆನಿಸದು.

ಸೂಚನಾ ಹಾಳೆ ಲೋಬ್ ಸೆಂಟರ್ (ಕ್ಯಾಮ್‌ನ ಉಬ್ಬಾದ ಲೋಬ್‌ನ ನಡುಬಿಂದು) ಲೆಕ್ಕವನ್ನು ಚೆನ್ನಾಗಿ ವಿವರಿಸುತ್ತದೆ. ಉದಾಹರಣೆಗೆ, 1 ಮಿ.ಮೀ. ಲಿಫ್ಟ್‌ನಲ್ಲಿ (ವಾಲ್ವ್ ಅಷ್ಟು ಎದ್ದಾಗ) ಇನ್ಲೆಟ್ ವಾಲ್ವ್ ಟಿಡಿಸಿಗೆ 20 ಡಿಗ್ರಿ ಮೊದಲು ತೆರೆದು ಬಿಡಿಸಿಯ (ಪಿಸ್ಟನ್‌ನ ಅತಿ ಕೆಳಗಿನ ಬಿಂದು) ನಂತರ 50 ಡಿಗ್ರಿಗೆ ಮುಚ್ಚಿದರೆ ನಡುವಿನ 180 ಸೇರಿ ಒಟ್ಟು 250 ಡಿಗ್ರಿಯಾಗುತ್ತದೆ, ಅದರ ಅರ್ಧ 125ರಿಂದ 20 ಕಳೆದಾಗ ಲೋಬ್ ಸೆಂಟರ್ ಟಿಡಿಸಿಯ ನಂತರ 105 ಡಿಗ್ರಿಗೆ ಬರುತ್ತದೆ. ಲೋಬ್‌ನ ಏರು ಆರಂಭದಲ್ಲಿ ತೀರಾ ನಿಧಾನವಾಗಿರುವುದರಿಂದ ತೆರೆಯುವ ಮೊದಲ ಕ್ಷಣವನ್ನು ಹಿಡಿಯುವುದಕ್ಕಿಂತ ಹೀಗೆ ಅಳೆಯುವುದೇ ಮೇಲು. ಆದರೆ ವಾಲ್ವ್ ಅಳೆಯುವಾಗ ಕ್ರ್ಯಾಂಕನ್ನು ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಬೇಕು, ಬಿಂದು ದಾಟಿದರೆ ಸಾಕಷ್ಟು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು, ಇಲ್ಲವಾದರೆ ಗೇರುಗಳ ಸಡಿಲವೂ ಓದಿನಲ್ಲಿ ಸೇರಿಬಿಡುತ್ತದೆ ಎಂಬ ಮಾತು ಆ ಹಾಳೆಯಲ್ಲಿ ಎಲ್ಲೂ ಇಲ್ಲ. ತಯಾರಕರು ಇದನ್ನು ಸೇರಿಸಬೇಕು. ಕೊಳ್ಳುವವರು ವೀಲ್, ಸ್ಟಾಪ್, ಗೇಜ್‌ಗಳನ್ನು ನಿಶ್ಚಿಂತೆಯಿಂದ ಬಳಸಬಹುದು, ಸ್ಟ್ಯಾಂಡನ್ನು ಮಾತ್ರ ಬೇರೆಯೇ ಹೊಂದಿಸಿಕೊಳ್ಳುವುದು ಒಳ್ಳೆಯದು.